ಮನೆಯೊಳಗಿನ ಸಮುದ್ರ ತೊಳೆದವಳು

ನಾನು ಕಿತ್ತೂರಿನ ಸುತ್ತಲಿನ ಹಳ್ಳಿಗಳಲ್ಲಿ ನರ್ಸಾಗಿ ತಿರುಗಿ, ಹೆರಿಗೆ ಮಾಡಿಸುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ರಕ್ತ, ಕೀವು, ವಾಂತಿ, ಮಲ, ಮೂತ್ರ ಎಲ್ಲವನ್ನೂ ಒರೆಸಿದ್ದೇನೆ. ಒರೆಸಿ, ಕೈ ತೊಳೆದುಕೊಂಡು, ಬುತ್ತಿ ಬಿಚ್ಚಿ ಉಂಡಿದ್ದೇನೆ. ಹೊಲಸು ಕಂಡರೆ ನನಗೆ ಹೇಸಿಗೆಯಾಗುವುದಿಲ್ಲ. ನನಗೆ ಹೇಸಿಗೆ ಹುಟ್ಟಿಸಿದ್ದು ಬೈಲಹೊಂಗಲದಲ್ಲಿ ನನ್ನ ತಂಗಿ ಶೈಲಜಾಳ ಮನೆಯ ಪಡಸಾಲೆಯಲ್ಲಿದ್ದ ಒಂದು ಗಾಜಿನ ಮೀನಿನ ತೊಟ್ಟಿ, ಮತ್ತು ಅದರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದ ಅವಳ ಗಂಡ.

ಶೈಲಜಾಳ ಮೂಗು ಹುಟ್ಟಿನಿಂದಲೇ ಚುರುಕು. ಹಾಲು ಒಡೆಯುವ ಮೊದಲೇ ಇದು ಒಡೆಯುತ್ತದೆ ಎಂದು ಹೇಳುತ್ತಿದ್ದಳು. ಶೇಂಗಾ ಎಣ್ಣೆ ಹಳತಾಗಿದ್ದರೆ ಒಗ್ಗರಣೆ ಸಿಡಿದ ಕೂಡಲೇ ಪಡಸಾಲೆಯಿಂದ ಕೂಗುತ್ತಿದ್ದಳು. ತಾಟಿನ ಮೇಲೆ ನೊಣ ಕೂತರೆ ಮುಗಿಯಿತು, ಉಪವಾಸ ಬಿದ್ದಾಳೇ ಹೊರತು ಆ ತಾಟು ಮುಟ್ಟಳು. ಹಾಗೆಂದು ಉಣ್ಣುವುದರಲ್ಲಿ ಹಿಂದೆ ಬಿದ್ದವಳಲ್ಲ. ಬದನೆಕಾಯಿ ಎಣಗಾಯಿ ಮಾಡಿದ ದಿನ ತನ್ನದನ್ನು ಮುಗಿಸಿ ನನ್ನ ತಾಟಿಗೂ ಕೈ ಹಾಕುತ್ತಿದ್ದಳು. ನಾನು ಬಯ್ಯುತ್ತಿದ್ದೆ, ಅಪ್ಪ ನಗುತ್ತಿದ್ದ. "ಈಕೀನ ಉಣ್ಣಾಕ ಬೇಕಾದಷ್ಟ ಇರೋ ಮನಿಗೇ ಕೊಡಬೇಕು" ಎನ್ನುತ್ತಿದ್ದ.

ಕೊಟ್ಟದ್ದೂ ಅಂಥ ಮನೆಗೇ. ಬೈಲಹೊಂಗಲದ ಹತ್ತಿ ಜಿನ್ನಿನ ಗಿರಣಿಯವರ ಮನೆ. ಅಳಿಯ ನಿಂಗರಾಜ ನೋಡಲಿಕ್ಕೆ ಚಂದ, ಮಾತು ಚಂದ, ಕುಡಿತವಿಲ್ಲ, ಎಲೆಯಡಿಕೆಯೂ ಇಲ್ಲ. ಇದ್ದದ್ದು ಹುಚ್ಚು ಮಾತ್ರ. ವರ್ಷಕ್ಕೊಂದು ಹೊಸ ಹುಚ್ಚು. ಮದುವೆಯಾದ ವರ್ಷ ಪಾರಿವಾಳ ಸಾಕಿದರು. ಹಾರಿಸುವುದು ಅವರು, ಮಾಳಿಗೆಯ ಮೇಲಿನ ಹಿಕ್ಕೆ ಬಳಿಯುವುದು ಶೈಲಜಾ. ಆಮೇಲೆ ಹಳೆಯ ಬುಲೆಟ್ಟು ತಂದರು. ಏರಿ ತಿರುಗುವುದು ಅವರು, ಅಂಗಳದಲ್ಲಿ ಬಿದ್ದ ಆಯಿಲು ಸೀಮೆಎಣ್ಣೆ ಹಾಕಿ ತಿಕ್ಕುವುದು ಶೈಲಜಾ. ಆಗಲೇ ನನಗೆ ತಿಳಿಯಬೇಕಿತ್ತು ಎನ್ನುತ್ತಾರೆ ಜನ. ತಿಳಿದಿತ್ತು, ಹೇಳಿಯೂ ಇದ್ದೆ. ಕೇಳುವವರು ಬೇಕಲ್ಲ.

೨೦೦೩ರಲ್ಲಿ ಗೆಳೆಯರ ಜೊತೆ ಗೋವಾಕ್ಕೆ ಹೋದ ನಿಂಗರಾಜರು ಅಲ್ಲಿಯ ಹೋಟೆಲಿನಲ್ಲಿ ಸಮುದ್ರದ ಮೀನಿನ ತೊಟ್ಟಿ ನೋಡಿ ಬಂದರು. ಕಿತ್ತಳೆ ಬಣ್ಣದ್ದು, ನೀಲಿಯದು, ಹಳದಿಯದು. ಬೆಳಗಾವಿಯವರ ಮನೆಗಳಲ್ಲೂ ಇರುವುದು ಬರೀ ಸಿಹಿನೀರಿನ ಮೀನು, ನಮ್ಮ ಮನೆಯಲ್ಲಿ ಉಪ್ಪುನೀರಿನದು ಆಗಬೇಕು ಎಂದು ಹಟ ಹಿಡಿದರು. ಅದೇ ವಾರ ಬೆಳಗಾವಿಯಲ್ಲಿ ಸೀರೆ ಕೊಳ್ಳುವುದಿತ್ತು. ನಾನೂ ಶೈಲಜಾಳೂ ಜೊತೆಗಿದ್ದೆವು. ಸೀರೆ ಅಂಗಡಿಗೆ ಎಂದು ಹೊರಟ ಕಾರು ಮೀನಿನ ಅಂಗಡಿಯ ಮುಂದೆ ನಿಂತಿತು.

ಅಂಗಡಿಯ ಮಾಲೀಕ ಗಂಗಯ್ಯ, ಜಂಗಮರವರು. ಹಣೆ ತುಂಬ ವಿಭೂತಿ, ಕೈಯಲ್ಲಿ ಮೀನು ಹಿಡಿಯುವ ಪುಟ್ಟ ಬಲೆ. ನಾನು ಅವರ ಹಣೆಯನ್ನೂ ಬಲೆಯನ್ನೂ ನೋಡಿದ್ದು ಅವರಿಗೆ ತಿಳಿಯಿತು. "ತಿನ್ನೂ ಮೀನಲ್ರಿ ಅಕ್ಕಾರ, ನೋಡೂ ಮೀನ" ಎಂದು ನಕ್ಕರು. ನನಗೆ ಮನುಷ್ಯ ಹಿಡಿಸಿದ.

ಮೊದಲು ಅವರು ಮೀನು ತೋರಿಸಲೇ ಇಲ್ಲ. "ಮೀನ ಯಾರಾದ್ರೂ ತರ್ತಾರ್ರಿ ಸಾವ್ಕಾರ್ರ. ನೀರ ಸ್ವಚ್ಛ ಇಡೂದ ಹೆಂಗ ಅನ್ನೂದ ಮೊದಲ ಠರಾವ್ ಆಗಬೇಕು" ಎಂದು ಫಿಲ್ಟರಿನ ಮಾತು ತೆಗೆದರು. ಮರಳಿನ ಕೆಳಗೆ ಹಾಸುವ ಜಾಲರಿ ಒಂದಿತ್ತು. ಸಿಹಿನೀರಿಗೆ ಸಾಕು, ಉಪ್ಪುನೀರಿಗೆ ತಡೆಯುವುದಿಲ್ಲ ಎಂದು ಅದನ್ನು ಅವರೇ ಬದಿಗೆ ಸರಿಸಿದರು. ಎರಡನೆಯದು ಮುಚ್ಚಳದ ಡಬ್ಬಿ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರುತ್ತದೆ, ನೀರನ್ನು ಎಳೆದು ಒಳಗಿನ ಸ್ಪಂಜಿನಲ್ಲಿ ಸೋಸಿ ಮೇಲಕ್ಕೆ ಕಳಿಸುತ್ತದೆ. ತೊಟ್ಟಿಯೊಳಗೆ ತೂತು ತೂತಾದ ಕಲ್ಲು ಪೇರಿಸಿ, ಇದನ್ನು ಜೋಡಿಸಿ, ಒಂದೆರಡು ತಿಂಗಳು ಮೀನಿಲ್ಲದೆ ನೀರು ಓಡಿಸಬೇಕು. ಹೊಲಸು ತಿನ್ನುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲೂ ಸ್ಪಂಜಿನಲ್ಲೂ ಮನೆ ಮಾಡಿಕೊಳ್ಳುತ್ತವೆ. ಆಮೇಲೆ ಮೀನು, ಅದೂ ಬೆರಳೆಣಿಕೆಯಷ್ಟು. "ಇದು ಬಡವರ ಬಂಧು ಇದ್ದಂಗ್ರಿ. ತಾಳ್ಮಿ ಒಂದ ಬೇಕು" ಎಂದರು.

ನಿಂಗರಾಜರು ಕಪಾಟನ್ನು ನೋಡಿದರು. "ಒಳಗ ಮುಚ್ಚಿಟ್ರ ಯಾರಿಗೆ ಕಾಣಸ್ತೈತ್ರಿ? ಎರಡ ತಿಂಗಳ ಬರೀ ಕಲ್ಲ ನೋಡ್ಕೋತ ಕೂಡೂದನ?"

ಆಗ ಅವರ ಕಣ್ಣು ಮೂರನೆಯದರ ಮೇಲೆ ಬಿತ್ತು. ಅದರ ಹೆಸರು ಸ್ಕಿಮ್ಮರು. ತೊಟ್ಟಿಯ ಹೊರಬದಿಗೆ ನೇತುಹಾಕುವ ಗಾಜಿನಂಥ ಕೊಳವೆ. ಒಳಗೆ ಲಕ್ಷಾಂತರ ಸಣ್ಣ ಗುಳ್ಳೆ ಏಳುತ್ತವೆ, ನೀರಿನ ಹೊಲಸು ಗುಳ್ಳೆಗೆ ಅಂಟಿ ನೊರೆಯಾಗಿ ಮೇಲೇರುತ್ತದೆ, ತುದಿಯ ಬಟ್ಟಲಿನಲ್ಲಿ ಕಂದು ರಸವಾಗಿ ಇಳಿಯುತ್ತದೆ. ಬಿಳಿಯ ಗುಳ್ಳೆಗಳು ಬೆಳಕಿನಲ್ಲಿ ಕುಣಿಯುತ್ತಿದ್ದವು. ನಿಂಗರಾಜರು ಸೋತುಹೋದರು.

"ಇದು ನೋಡ್ರಿ! ಮಂದಿಗೆ ಕಾಣಬೇಕು, ಅಂದ್ರ ಮಜಾ."

"ಕೆಲಸಾ ಚಲೋ ಮಾಡತೈತ್ರಿ" ಎಂದರು ಗಂಗಯ್ಯ. "ಆದ್ರ ದಿನಾ ಮುಂಜಾನೆ ಆ ಬಟ್ಟಲ ತೆಗದ ತೊಳೀಬೇಕು. ಭಾಳ ನಾರತೈತಿ, ಮೊದಲ ಹೇಳಿರತೇನಿ. ತೊಳಿಯೋರ ಯಾರ್ರಿ?"

"ಮನ್ಯಾಗ ಹೆಣಮಕ್ಕಳ ಅದಾರಲ್ರಿ" ಎಂದರು ನಿಂಗರಾಜರು.

ಹೆಣ್ಣುಮಕ್ಕಳು ಎಂದರೆ ಶೈಲಜಾ. ಅವಳು ಅಲ್ಲೇ, ಅವರ ಬೆನ್ನ ಹಿಂದೆ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಗಂಗಯ್ಯ ಅವಳನ್ನು ನೋಡಿದರು, ಏನೋ ಹೇಳಲು ಹೋಗಿ ತಡೆದುಕೊಂಡರು. ವ್ಯಾಪಾರ ಮಾಡುವವರು, ಎಷ್ಟೆಂದು ಹೇಳಿಯಾರು. ನನಗೆ ಮೈಯೆಲ್ಲ ಉರಿಯಿತು. ಒಬ್ಬರು ಮಾತಾಡುವಷ್ಟು ಹೊತ್ತಿನಲ್ಲಿ ಇನ್ನೊಬ್ಬರ ಪ್ರತಿದಿನದ ಬೆಳಗನ್ನು ಕೊಂಡು, ಕಟ್ಟಿಸಿ, ಕಾರಿನ ಡಿಕ್ಕಿಗೆ ಹಾಕಿಸಿಕೊಂಡಂತಾಯಿತು. ಸೀರೆ ಅಂಗಡಿಗೆ ಆ ದಿನ ಹೋಗಲೇ ಇಲ್ಲ.

ತೊಟ್ಟಿ ಬಂತು. ಬಾಂಬೆಯಿಂದ ಚೀಲದಲ್ಲಿ ಸಮುದ್ರದ ಉಪ್ಪು ಬಂತು. ಕರೆಂಟು ಹೋದರೆ ಗುಳ್ಳೆ ನಿಲ್ಲಬಾರದೆಂದು ಇನ್ವರ್ಟರು ಬಂತು. ಬೈಲಹೊಂಗಲದಲ್ಲಿ ಆಗ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಅಡುಗೆಮನೆಯಲ್ಲಿ ಕಂದೀಲು ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದರು, ಪಡಸಾಲೆಯಲ್ಲಿ ಮೀನುಗಳು ಝಗಮಗ ಬೆಳಕಿನಲ್ಲಿ ಈಜುತ್ತಿದ್ದವು. ಇದನ್ನು ಕಣ್ಣಾರೆ ನೋಡಿ ಬಂದ ದಿನ ನಾನು ಬಸ್ಸಿನಲ್ಲಿ ಪಕ್ಕದವರಿಗೆ ಕೇಳುವಂತೆ ಬಯ್ದುಕೊಂಡೆ.

ಅತ್ತೆ ಸೋಮವ್ವನವರದು ಇನ್ನೊಂದು ರೀತಿ. ಕಟ್ಟಾ ಶಿವಾಚಾರದ ಹೆಂಗಸು, ಮೊಟ್ಟೆಯ ಸಿಪ್ಪೆ ಬೀದಿಯಲ್ಲಿ ಕಂಡರೂ ಸುತ್ತಿ ಹೋಗುವವರು. "ಮೀನ ಮನ್ಯಾಗ ತಂದಾನಲ್ಲ, ನನ್ನ ಮಗಗ ತಲಿ ಕೆಟ್ಟೈತಿ" ಎಂದು ಎರಡು ದಿನ ಕೂಗಾಡಿದರು. ಮಂದಿ ಬಂದು ಬಂದು ನೋಡಿ ಹೊಗಳಲು ಶುರುಮಾಡಿದ ಮೇಲೆ ಸುಮ್ಮನಾದರು. ಆದರೆ ಮಡಿ ಬಿಡಲಿಲ್ಲ. ಆ ಬಟ್ಟಲನ್ನು ಬಚ್ಚಲಲ್ಲಿ ತೊಳೆಯಕೂಡದು, ಹಿತ್ತಲ ಗಟಾರಕ್ಕೇ ಒಯ್ಯಬೇಕು. ತೊಳೆದವಳು ಜಳಕ ಮಾಡದೆ ಒಲೆಯ ಮುಂದೆ ಬರಕೂಡದು. ಗಂಗಯ್ಯ ಮೀನಿಗೆಂದು ಹೇಳಿದ್ದ ಒಣ ಸೀಗಡಿ ಹೊಸ್ತಿಲು ದಾಟಕೂಡದು. ಕೊನೆಗೆ ಗಂಗಯ್ಯ ಹಸಿರು ಪಾಚಿಯ ಪುಡಿ ಕೊಟ್ಟು ಕಳಿಸಿದರು. ಹೀಗೆ ಮೀನುಗಳಿಗೂ ಲಿಂಗದೀಕ್ಷೆಯಾಯಿತು ಎಂದು ನಾನು ನಕ್ಕರೆ ಸೋಮವ್ವನವರು ನನ್ನ ಜೊತೆ ಒಂದು ಹೊತ್ತು ಮಾತು ಬಿಟ್ಟರು. ಇಷ್ಟೆಲ್ಲ ಕಟ್ಟಳೆಯಲ್ಲಿ, ಮೀನು ತಂದವನೇ ಅದನ್ನು ತೊಳೆಯಲಿ ಎಂಬ ಒಂದು ಕಟ್ಟಳೆ ಮಾತ್ರ ಅವರ ಬಾಯಲ್ಲಿ ಬರಲಿಲ್ಲ.

ಆ ಬಟ್ಟಲನ್ನು ನಾನೂ ಒಮ್ಮೆ ತೊಳೆದಿದ್ದೇನೆ. ತಳದಲ್ಲಿ ಕರಿ ಚಹಾದಂಥ ನೀರು, ಗೋಡೆಗೆ ಬೆರಳಿಗೆ ಅಂಟುವ ಲೋಳೆ. ಕೊಳೆತ ಗಾಯದ ಪಟ್ಟಿ ಬಿಚ್ಚಿದಾಗ ಬರುವ ವಾಸನೆ ನನಗೆ ಗೊತ್ತು. ಇದು ಅದಕ್ಕಿಂತ ಒಂದು ಕೈ ಮುಂದೆ. ಸಾಬೂನು ಹಚ್ಚಿದರೆ ಸಾಬೂನೇ ನಾರುತ್ತಿತ್ತು.

ಶೈಲಜಾ ಇದನ್ನು ದಿನಾ ಬೆಳಿಗ್ಗೆ ಮಾಡುತ್ತಿದ್ದಳು. ಮದುವೆಯಾಗಿ ಐದು ವರ್ಷದ ಮೇಲೆ ಬಸುರಿಯಾದಳು, ಆಗಲೂ ಮಾಡುತ್ತಿದ್ದಳು. ಐದನೆಯ ತಿಂಗಳಲ್ಲಿ ನಾನು ನೋಡಲು ಹೋದಾಗ ಕತ್ತಿನ ಎಲುಬು ಎದ್ದು ಕಾಣುತ್ತಿತ್ತು. ತೂಗಿ ನೋಡಿದೆ. ಏರಬೇಕಾದ ತೂಕ ಇಳಿದಿತ್ತು. ಊಟಕ್ಕೆ ಕೂತರೆ ಚಮಚದಲ್ಲಿ ಉಣ್ಣುತ್ತಿದ್ದಳು, ಅದೂ ನಾಲ್ಕೇ ಚಮಚ.

"ಚಮಚಾದಾಗ ಉಣ್ಣೂ ಸೊಸಿ ನೋಡ್ರಿ ನಮ್ಮಾಕಿ, ಫಾರಿನ್ನದಾಕಿ" ಎಂದರು ಸೋಮವ್ವನವರು.

ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಶೈಲಜಾ ತನ್ನ ಬಲಗೈಯನ್ನು ದೂರ ಹಿಡಿದುಕೊಂಡು ಹೇಳಿದಳು. "ಉಣ್ಣಾಗ ಕೈ ಮೂಗಿನ ಹಂತೇಕ ಬರತೈತಲ್ಲಕ್ಕಾ. ಅವಾಗ ಆ ವಾಸನಿ ಬರತೈತಿ. ಎಷ್ಟ ತೊಳದ್ರೂ ಹೋಗವಲ್ದು. ಪೂಜಿಗೆ ಕುಂತ್ರ ಅಂಗೈಯಾಗಿನ ಲಿಂಗಕ್ಕೂ ಅದ ವಾಸನಿ."

ಕೈ ಮೂಸಿ ನೋಡಿದೆ. ಸಾಬೂನಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ವಾಸನೆ ಒಳಗೆ ಹೋಗಿ ಕೂತುಬಿಟ್ಟಿತ್ತು. ಇಂಥದಕ್ಕೆ ನನ್ನ ಚೀಲದಲ್ಲಿ ಗುಳಿಗೆ ಇಲ್ಲ. ನಿಂಗರಾಜರಿಗೆ ಹೇಳಿದೆ, ಬಸುರಿ ಹೀಗೆ ಉಪವಾಸ ಇದ್ದರೆ ಕೂಸಿಗೆ ಕೆಡುಕು, ಆ ಕೆಲಸ ಬಿಡಿಸಿರಿ ಎಂದು. "ಬಿಡಸೂಣ್ರಿ ಅಕ್ಕಾರ, ಬಿಡಸೂಣು" ಎಂದರು, ಆಗ ಬಂದ ನೆಂಟರಿಗೆ ಮೀನು ತೋರಿಸಲು ಎದ್ದು ಹೋದರು.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ, ಕೂತ ಕುರ್ಚಿಗೆ ಹೂವಿನ ಸರ. ಮನೆ ತುಂಬ ಹೆಂಗಸರು, ಹಾಡು, ಗೋಧಿ ಬೆಲ್ಲದ ಮಾದಲಿ, ಹೋಳಿಗೆ, ಮೇಲೆ ಧಾರಾಳವಾಗಿ ತುಪ್ಪ. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಕುಬಸದ ದಿನ ಮನೆಯಲ್ಲಿ ಇರುವ ಯಾವ ಜೀವವೂ ಹಸಿದಿರಬಾರದು. ಉಂಡ ಮುತ್ತೈದೆಯರು ತಮ್ಮ ಎಲೆಯ ಸಿಹಿಯಲ್ಲಿ ಒಂದು ತುತ್ತು ಎತ್ತಿಟ್ಟು ಆಕಳಿಗೆ, ಎತ್ತಿಗೆ, ನಾಯಿಗೆ ಕೊಡುತ್ತಾರೆ. ಒಳ್ಳೆಯ ಪದ್ಧತಿ, ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ಸಲ ಸೋಮವ್ವನವರಿಗೆ ಮೀನಿನ ನೆನಪಾಯಿತು.

"ಅವೂ ನಮ್ಮ ಮನೀವ. ಒಂದೊಂದ ಚೂರ ಹಾಕ್ರೇ" ಎಂದರು.

ನಿಂಗರಾಜರು ಖುಷಿಯಿಂದ ತೊಟ್ಟಿಯ ಮುಚ್ಚಳ ತೆಗೆದು ನಿಂತರು. ಬಂದ ಹೆಂಗಸರೆಲ್ಲ ಸಾಲಾಗಿ ಹೋಗಿ ಸಮುದ್ರದ ಮೀನಿಗೆ ತುಪ್ಪದ ಮಾದಲಿ ಹಾಕಿದರು. ನಾನು ಬೇಡ ಬೇಡ ಎಂದೆ. "ಹಬ್ಬದ ದಿನ ಅಪಶಕುನ ಆಡಬ್ಯಾಡ್ರಿ" ಎಂದು ಯಾರೋ ನನ್ನ ಬಾಯಿಗೂ ಹೋಳಿಗೆ ತುರುಕಿದರು.

ಮರುದಿನ ಬೆಳಿಗ್ಗೆ ಬಟ್ಟಲು ಖಾಲಿ. ಕೊಳವೆಯಲ್ಲಿ ನೊರೆಯೇ ಇಲ್ಲ, ನೀರು ಸುಮ್ಮನೆ ಗುಳುಗುಳು ಎನ್ನುತ್ತಿತ್ತು. ನಿಂಗರಾಜರು ಕುಣಿಯುವುದೊಂದು ಬಾಕಿ. "ನೋಡ್ರಿ ಅಕ್ಕಾರ! ಹೊಲಸೇ ಇಲ್ಲ. ಕುಬಸದ ಪ್ರಸಾದ ಬಿದ್ದು ನೀರು ಎಷ್ಟ ಸ್ವಚ್ಛ ಆಗೇತಿ!"

ನೀರಿನ ಮೇಲೆ ತುಪ್ಪದ ಪದರು ಕಣ್ಣಿಗೆ ಹೊಡೆಯುವಂತೆ ಹೊಳೆಯುತ್ತಿತ್ತು. ಜಿಡ್ಡು ಬಿದ್ದಲ್ಲಿ ನೊರೆ ಏಳುವುದಿಲ್ಲ. ಜಿಡ್ಡಿನ ಪಾತ್ರೆ ತಿಕ್ಕಿದ ಯಾವ ಹೆಂಗಸಿಗೂ ಇದು ಗೊತ್ತು, ತಿಕ್ಕದವರಿಗೆ ಹೇಗೆ ಗೊತ್ತಾಗಬೇಕು. ನಾನು ಹೇಳಿದೆ. ಅವರು ನಕ್ಕರು. ಗಂಗಯ್ಯನಿಗಾದರೂ ಒಂದು ಫೋನು ಮಾಡಿರಿ ಎಂದೆ. ಮಾಡಲಿಲ್ಲ. ಸಂಜೆಯ ಹೊತ್ತಿಗೆ ನೀರು ಹಾಲಿನಂತಾಯಿತು, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ಅದರ ಮರುದಿನ ಸೋಮವಾರ, ಬೆಳಿಗ್ಗೆ ಶೈಲಜಾಳನ್ನು ತವರಿಗೆ ಕರೆದೊಯ್ಯುವುದಿತ್ತು. ಕಿತ್ತೂರಿನಿಂದ ಅಪ್ಪ ಕಳಿಸಿದ ಟ್ರ್ಯಾಕ್ಸು ಜೀಪು ಬಾಗಿಲ ಮುಂದೆ ನಿಂತಿತ್ತು. ಪಡಸಾಲೆಗೆ ಕಾಲಿಟ್ಟರೆ ನಾತ ಮುಖಕ್ಕೇ ರಾಚಿತು. ಕಿತ್ತಳೆ, ನೀಲಿ, ಹಳದಿ, ಎಲ್ಲ ಬಣ್ಣದವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಅವುಗಳ ನಡುವೆ ಉಬ್ಬಿದ ಮಾದಲಿಯ ಚೂರು. ಸೋಮವ್ವನವರು ದೇವರ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ನಿಂಗರಾಜರು ಸೆಂಟು ಹಾಕಿದ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು.

"ಅಕ್ಕಾರ, ಒಂದೆರಡ ದಿನಾ ಬಿಟ್ಟ ಕರಕೊಂಡ ಹೋಗ್ರಿ. ಇದನ್ನೆಲ್ಲಾ ಸ್ವಚ್ಛ ಮಾಡಿ ಬರ್ತಾಳ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಏಳ ತಿಂಗಳ ಬಸರಿ ಸತ್ತ ಮೀನ ಬಳೀಬೇಕೇನ್ರಿ? ನಿಮ್ಮ ಕೈಗೇನ ಆಗೇತಿ?"

"ನನಗ ಹೇಸಿಗಿ ಆಗತೈತ್ರಿ ಅಕ್ಕಾರ. ನೋಡಿದ್ರ ಸಾಕ, ವಾಕರಿಕಿ ಬರತೈತಿ. ಆಕೀಗಾದ್ರ ರೂಢಿ ಆಗೇತಿ."

ಎಷ್ಟೋ ಮನೆಗಳಲ್ಲಿ ಎಂತೆಂಥ ಮಾತು ಕೇಳಿದ್ದೇನೆ. ಇಷ್ಟು ನಾರುವ ಮಾತನ್ನು ಇಷ್ಟು ಮೆತ್ತಗೆ ಆಡಿದವರನ್ನು ಕಂಡಿರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಶೈಲಜಾಳೇ ಮಾತಾಡಿದಳು. ಹಸಿರು ಬಳೆಯ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ನನಗ ರೂಢಿ ಆಗಿಲ್ರಿ. ಒಂದ ದಿನಾನೂ ಆಗಿಲ್ಲ."

ಅಷ್ಟು ಹೇಳಿ ಟ್ರ್ಯಾಕ್ಸು ಹತ್ತಿ ಕೂತಳು. ಆಮೇಲೆ ಜಿನ್ನಿನ ಆಳು ಲಕ್ಕಪ್ಪನನ್ನು ಕರೆಸಿ, ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟು, ತೊಟ್ಟಿ ಬಳಿಸಿದರಂತೆ. ಒಬ್ಬರ ಹೇಸಿಗೆಯನ್ನು ಕೊನೆಗೆ ಇನ್ನೊಬ್ಬರ ಕೈಗೆ ದಾಟಿಸುವುದೇ ಆ ಮನೆಯವರಿಗೆ ಗೊತ್ತಿದ್ದ ಉಪಾಯ.

ಕಿತ್ತೂರಿನಲ್ಲಿ ಮೊದಲ ವಾರ ಶೈಲಜಾ ಗಂಜಿ ಕುಡಿದಳು, ಅದೂ ಚಮಚದಲ್ಲಿ. ಆಮೇಲೆ ಒಂದು ದಿನ ಸಜ್ಜಿ ರೊಟ್ಟಿ ಮುರಿದು ಕೈಯಿಂದಲೇ ಬಾಯಿಗಿಟ್ಟಳು. ಅಪ್ಪ ನೋಡಿಯೂ ನೋಡದವನಂತೆ ಎದ್ದು ಹೊರಗೆ ಹೋದ. ಹೆಣ್ಣು ಕೂಸು ಹುಟ್ಟಿತು, ತೂಕ ಸ್ವಲ್ಪ ಕಡಿಮೆ, ಗಂಟಲು ಮಾತ್ರ ಗಟ್ಟಿ.

ತೊಟ್ಟಿಲಿಗೆ ಹಾಕುವ ದಿನ ನಿಂಗರಾಜರು ಬೆಳ್ಳಿಯ ಗಿಲಕಿ ಹಿಡಿದುಕೊಂಡು ಬಂದರು. ಕೂಸನ್ನು ಎತ್ತಿಕೊಂಡರು, ಕೂಸು ಅವರ ಬಿಳಿ ಅಂಗಿಯ ಮೇಲೆ ಮಾಡಬೇಕಾದ್ದನ್ನು ಮಾಡಿತು. "ತಗೋರಿ, ತಗೋರಿ" ಎಂದು ಕೈ ಉದ್ದ ಮಾಡಿ ಹಿಡಿದುಕೊಂಡು ನಿಂತರು. ಅಂಗಿ ಬದಲಿಸಿಕೊಂಡು ಬಂದು ಶುಭಸುದ್ದಿ ಹೇಳಿದರು. ಹೊಸ ಮೀನು ತರುವವರಿದ್ದಾರೆ. ಈ ಸಲ ಬೇರೆ ಫಿಲ್ಟರು, ತೊಳೆಯುವುದು ವಾರಕ್ಕೊಮ್ಮೆ ಸಾಕು. "ಶೈಲೂಗ ಆರಾಮ ಆಗಲಿ ಅಂತ" ಎಂದರು.

ಶೈಲಜಾಳ ಕೈಯಲ್ಲಿದ್ದ ಹೋಳಿಗೆಯ ಚೂರು ತಾಟಿಗೆ ಇಳಿಯಿತು. ಆಕೆ ಅಂಗೈಯನ್ನು ಮೂಸಿ ನೋಡಿಕೊಂಡದ್ದನ್ನು ನಾನು ಕಂಡೆ. ಬೈಲಹೊಂಗಲಕ್ಕೆ ಹಿಂದಿರುಗುವುದು ಎಂದರೆ ಮತ್ತೆ ಅದೇ ಬೆಳಗು, ಅದೇ ಗಟಾರು, ನಾಲ್ಕು ಚಮಚದ ಊಟ. ಈಗ ಮೊಲೆ ಹಾಲು ಕುಡಿಯುವ ಕೂಸು ಬೇರೆ. ಆದರೆ ಅವಳು ಅಳಲಿಲ್ಲ, ಜಗಳವಾಡಲಿಲ್ಲ. "ಫಿಲ್ಟರ ಆರಸಾಕ ನಾನೂ ಬರತೇನ್ರಿ" ಎಂದಳು.

ಐದು ತಿಂಗಳ ಬಾಣಂತನ ಮುಗಿದು, ನಿಂಗರಾಜರು ಬೈಲಹೊಂಗಲಕ್ಕೆ ಕರೆದೊಯ್ಯಲು ಬಂದ ದಿನ ಮೊದಲು ಬೆಳಗಾವಿಗೇ ಹೋದೆವು. ಕೂಸನ್ನು ನಾನು ಎತ್ತಿಕೊಂಡಿದ್ದೆ. ಗಂಗಯ್ಯ ಅದೇ ವಿಭೂತಿಯಲ್ಲಿ ಎದ್ದು ಬಂದು ಕೂಡಿಸಿದರು. ಮಾದಲಿಯ ಕಥೆ ಕೇಳಿ ತಲೆ ತಲೆ ಚಚ್ಚಿಕೊಂಡರು. ಆಮೇಲೆ ಮೊದಲು ಹೇಳಿದ್ದನ್ನೇ ಹೇಳಿದರು. ಕಲ್ಲು ಪೇರಿಸಿರಿ, ಡಬ್ಬಿ ಫಿಲ್ಟರು ಹಾಕಿರಿ, ಕಾಯಿರಿ. "ಡಬ್ಬೀನೂ ತೊಳೀಬೇಕ್ರಿ, ಅದೂ ನಾರತೈತಿ. ಕೊಡಾಕಿಂತ ಮೊದಲ ಕೇಳತೇನಿ. ತೊಳಿಯೋರ ಯಾರ್ರಿ?"

ನಿಂಗರಾಜರು ಬಾಯಿ ತೆರೆದಿದ್ದರು. ಶೈಲಜಾ ಮುಂದೆ ಬಂದಳು. ಈ ಸಲ ಮೂಗಿಗೆ ಸೆರಗಿರಲಿಲ್ಲ.

"ಇವರ ತೊಳೀತಾರ್ರಿ. ಇವರ ಕೈಗೆ ಹೊಂದೂದ ನೋಡಿ ಕೊಡ್ರಿ."

ಗಂಗಯ್ಯ ನಗಲಿಲ್ಲ. ನಗದೇ ಇದ್ದದ್ದಕ್ಕೆ ನಾನು ಅವರಿಗೆ ಮನಸ್ಸಿನಲ್ಲೇ ಶರಣೆಂದೆ. ಒಳಗೆ ಹೋಗಿ ಅಂಗಡಿಯ ತೊಟ್ಟಿಗೆ ಹಚ್ಚಿದ್ದ ಒಂದು ಡಬ್ಬಿಯನ್ನು ಬಿಚ್ಚಿಕೊಂಡು ಬಂದರು, ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದರು. ಒಳಗೆ ಕಂದು ಕೆಸರು ಕುಡಿದು ಉಬ್ಬಿದ ಸ್ಪಂಜು. "ಹಂಗಾದ್ರ ಒಮ್ಮೆ ಹಿಂಡಿ ನೋಡ್ರಿ ಸಾವ್ಕಾರ್ರ. ರೂಢಿ ಆಗಬೇಕು."

ನಿಂಗರಾಜರು ಉಂಗುರದ ಬೆರಳುಗಳನ್ನು ಮುಂದೆ ಚಾಚಿದರು. ಬೆರಳು ಸ್ಪಂಜಿಗೆ ತಾಗಿತೋ ಇಲ್ಲವೋ, ಕೈ ಹಿಂದಕ್ಕೆ ಬಂತು. ಕರವಸ್ತ್ರ ಹುಡುಕಿದರು. ಹೆಂಡತಿಯ ಮುಖ ನೋಡಿದರು. ಅವಳು ಅವರ ಕೈಯನ್ನೇ ನೋಡುತ್ತಿದ್ದಳು, ಪಾತ್ರೆ ತೊಳೆಯುವವರು ಸರಿಯಾಗಿ ತೊಳೆದರೋ ಇಲ್ಲವೋ ಎಂದು ನೋಡುವ ಹಾಗೆ.

"ಈಗೇನ ಅವಸರ ಐತಿ? ಮುಂದ ನೋಡೂಣು" ಎಂದರು ನಿಂಗರಾಜರು, ಬಾಗಿಲ ಕಡೆ ನಡೆದರು. ಗೋವಾದಿಂದ ಬಂದಿದ್ದ ಸಮುದ್ರದ ಹುಚ್ಚು ಅಷ್ಟರಲ್ಲೇ ಇಳಿದುಹೋಯಿತು. ಮತ್ತೆ ಆ ಮನೆಯಲ್ಲಿ ಯಾರೂ ಮೀನಿನ ಹೆಸರೆತ್ತಲಿಲ್ಲ. ತೊಟ್ಟಿಯಲ್ಲಿ ಈಗ ಸೋಮವ್ವನವರು ಹುಣಸೆಹಣ್ಣು ತುಂಬಿಟ್ಟಿದ್ದಾರೆ.

ಆ ದಿನ ಅಂಗಡಿಯಿಂದ ಹೊರಬಿದ್ದಾಗ ಮಧ್ಯಾಹ್ನವಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಹೋದೆವು. ಬಿಸಿ ರೊಟ್ಟಿ, ಎಣಗಾಯಿ, ಮೊಸರು. ನಿಂಗರಾಜರು ಎರಡು ಸಲ ಕೈ ತೊಳೆದು ಬಂದು ಕೂತರು, ತುತ್ತು ಮುರಿದರು, ಬಾಯಿಯ ಹತ್ತಿರ ಒಯ್ದರು, ಕೆಳಗಿಟ್ಟರು. ಮತ್ತೆ ಬೆರಳು ಮೂಸಿ ನೋಡಿದರು. "ವಾಸನಿ ಹೋಗವಲ್ದು" ಎಂದರು.

ಶೈಲಜಾ ತನ್ನ ಪಾಲಿನದನ್ನು ಕೈಯಿಂದಲೇ ಕಲಸಿ ಮುಗಿಸಿದಳು. ಆಮೇಲೆ ಕೈ ಚಾಚಿ ಅವರ ತಾಟನ್ನೂ ತನ್ನ ಕಡೆ ಎಳೆದುಕೊಂಡಳು.